ಎರಡು ಹೆಲ್ಮೆಟ್ಟು, ಒಂದು ಎಡಗಿವಿ

ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನ್ ತುರುಕಿಕೊಂಡು ಬೈಕ್ ಓಡಿಸುವವರ ಪಂಗಡಕ್ಕೆ ನಾನೂ ಸೇರಿದ್ದವನು. ತಪ್ಪೆಂದು ಗೊತ್ತಿತ್ತು. ಆದರೆ ಬೀಜೋತ್ಪಾದನೆಯ ಹಂಗಾಮು ಶುರುವಾಯಿತೆಂದರೆ ಫೋನು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಒಂದು ಹೊಲದಲ್ಲಿ ಗಂಡು ಹೂವು ಸಾಲುತ್ತಿಲ್ಲ, ಇನ್ನೊಂದರಲ್ಲಿ ಹೆಣ್ಣಾಳು ಬಂದಿಲ್ಲ, ಮತ್ತೊಂದರಲ್ಲಿ ಬೆಳೆಯ ಸುತ್ತ ಕಟ್ಟಿದ ನೈಲಾನ್ ಪರದೆ ಗಾಳಿಗೆ ಹರಿದಿದೆ. ಬೆಳಿಗ್ಗೆ ರಾಣೆಬೆನ್ನೂರಿನಿಂದ ಹೊರಟವನು ಸಂಜೆ ಮನೆ ಸೇರುವಷ್ಟರಲ್ಲಿ ಎಡಗೆನ್ನೆಯ ಮೇಲೆ ಫೋನಿನ ಅಚ್ಚು ಮೂಡಿರುತ್ತಿತ್ತು. ಹೆಂಡತಿ ಅದನ್ನು ನೋಡಿ ಮೊದಲು ನಗುತ್ತಿದ್ದಳು, ಆಮೇಲೆ ಬೈಯುತ್ತಿದ್ದಳು.

ಆ ವರ್ಷ ಬೀಜದ ಕಂಪನಿಯವರು ನನ್ನನ್ನು ಮೆಣಸಿನಕಾಯಿಯ ಹೈಬ್ರಿಡ್ ಬೀಜದ ಹೊಲಗಳಿಗೆ ಹಾಕಿದರು. ಟೊಮ್ಯಾಟೊ ಕೆಲಸ ಗೊತ್ತಿದ್ದ ನನಗೆ ಮೆಣಸಿನಕಾಯಿ ಹೊಸದು. ಕಲಿಸಲಿಕ್ಕೆ ಒಬ್ಬ ಹಿರಿಯ ಮೇಲ್ವಿಚಾರಕರಿದ್ದರು. ಬ್ಯಾಡಗಿಯವರು, ನಿವೃತ್ತಿಗೆ ಅದೊಂದೇ ಹಂಗಾಮು ಬಾಕಿ. ಗಿಡವನ್ನು ದೂರದಿಂದ ನೋಡಿಯೇ ಅದು ನಮ್ಮ ತಳಿಯೋ ಬೆರಕೆಯೋ ಎಂದು ಹೇಳುವ ಕಣ್ಣು ಅವರದು. ಕೆಲಸ ಶುರುವಾಗುವ ಮೊದಲು ಹಾವೇರಿಯ ಆಫೀಸಿನಲ್ಲಿ ಮ್ಯಾನೇಜರು ನನ್ನೊಬ್ಬನನ್ನೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಹಿರಿಯರನ್ನ ನಿನ್ನ ಗಾಡಿ ಮ್ಯಾಲ ಕರಕೊಂಡು ಅಡ್ಡಾಡು. ಮೊಣಕಾಲ ನೋವು ಅಂತ ಗಾಡಿ ಹೊಡಿಯೂದು ಬಿಟ್ಟಾರ. ಯಾಕೋ ಮದಲಿನಂಗ ಇಲ್ಲ. ಫೋನ್ ಎತ್ತಂಗಿಲ್ಲ, ಹೇಳಿದ್ದು ಮಾಡಂಗಿಲ್ಲ. ಹದಿನೈದು ದಿನ ನೋಡಿ ನನಗ ಹೇಳು. ಆಗಂಗಿಲ್ಲ ಅಂದ್ರ ಗೋಡಾನ್‌ದಾಗ ಕುಂಡ್ರಸ್ತೇನಿ."

"ಆತ್ರಿ ಸರ" ಎಂದು ಹೊರಗೆ ಬಂದೆ. ಹಿರಿಯರು ಮೆಟ್ಟಿಲ ಬಳಿ ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು ನಕ್ಕರು. ಬದುಕೆಲ್ಲ ಹೊಲದಲ್ಲೇ ಕಳೆದ ಮನುಷ್ಯನನ್ನು ಕೊನೆಯ ಹಂಗಾಮಿನಲ್ಲಿ ಗೋಡೌನಿನ ಚೀಲಗಳ ನಡುವೆ ಕೂರಿಸುವುದೋ ಬೇಡವೋ ಎಂಬುದು ನನ್ನ ಮಾತಿನ ಮೇಲೆ ನಿಂತಿತ್ತು. ಶಿಷ್ಯನೂ ನಾನೇ, ಗುಟ್ಟಾಗಿ ಕಾಯುವವನೂ ನಾನೇ. ನನಗದು ಸ್ವಲ್ಪವೂ ಸೇರಲಿಲ್ಲ.

ಬೆಳಿಗ್ಗೆ ಅವರು ಬ್ಯಾಡಗಿಯಿಂದ ಬಸ್ಸಿನಲ್ಲಿ ಮೋಟೆಬೆನ್ನೂರಿಗೆ ಬರುವುದು, ನಾನು ಹೈವೇ ಹಿಡಿದು ಅಲ್ಲಿಗೆ ಹೋಗುವುದು, ಅಲ್ಲಿಯ ಹೊಲ ನೋಡಿಕೊಂಡು ಇಬ್ಬರೂ ಕುಪ್ಪೇಲೂರಿನ ಕಡೆ ತಿರುಗುವುದು, ಹೀಗೆ ನಮ್ಮ ದಿನಚರಿ. ಹಿಂದೆ ಕೂತವರ ಜೊತೆ ಓಡುವ ಬೈಕಿನಲ್ಲಿ ಮಾತಾಡುವುದೆಂದರೆ ಗೊತ್ತಲ್ಲ, ಅರ್ಧ ಮಾತು ಗಾಳಿಯ ಪಾಲು. ನಾನು ಕತ್ತು ತಿರುಗಿಸಿ ಏನಾದರೂ ಕೇಳುವುದು, ಅವರು "ಹೂಂ" ಎನ್ನುವುದು. ಕಲಿಯಬೇಕಾದ ವಿಷಯ ಬೆಟ್ಟದಷ್ಟಿತ್ತು. ದಾರಿಯಲ್ಲಿ ದಿನಕ್ಕೆ ಎರಡು ಮೂರು ತಾಸು ವ್ಯರ್ಥವಾಗುತ್ತಿತ್ತು. ಸರಿ, ಹೆಲ್ಮೆಟ್ಟಿಗೆ ಬ್ಲೂಟೂತ್ ಹೆಡ್‌ಸೆಟ್ ಕೂರಿಸಿದರೆ ಫೋನಿಗೂ ಆಯಿತು, ಪಾಠಕ್ಕೂ ಆಯಿತು ಎಂದುಕೊಂಡೆ. ಇಂಥ ಸಾಮಾನು ಕೊಳ್ಳುವುದೆಂದರೆ ನನಗೆ ಮೊದಲೇ ಕೈ ತುರಿಕೆ.

ರಾಣೆಬೆನ್ನೂರಿನ ಹೆಲ್ಮೆಟ್ ಅಂಗಡಿಯವನು ಕುಮಾರಪಟ್ಟಣದ ಫ್ಯಾಕ್ಟರಿಗೆ ಪಾಳಿಯ ಮೇಲೆ ಹೋಗಿಬರುವವರಿಗೆಲ್ಲ ಇವನ್ನು ಕೂರಿಸಿ ಕೈ ಪಳಗಿದವನು. ನಾನು ಹೊಳೆಯುವ ಡಬ್ಬಿಯೊಂದನ್ನು ಎತ್ತಿಕೊಂಡರೆ ಕಸಿದು ಪಕ್ಕಕ್ಕಿಟ್ಟ.

"ಹಾಡು ಕೇಳಾಕೋ, ಹಿಂದ ಕುಂತವ್ರ ಕೂಡ ಮಾತಾಡಾಕೋ? ಮದಲು ಅದನ್ನ ಹೇಳ್ರಿ."

ಎರಡಕ್ಕೂ ಎಂದೆ. ಹಾಗಾದರೆ ಎರಡು ಹೆಲ್ಮೆಟ್ಟುಗಳು ಫೋನಿನ ಹಂಗಿಲ್ಲದೆ ತಮ್ಮತಮ್ಮಲ್ಲೇ ಮಾತಾಡುವ ಜೋಡಿ ಬೇಕು ಎಂದ. ನನ್ನದು ಪೂರ್ತಿ ಮುಚ್ಚಿದ ಹೆಲ್ಮೆಟ್ಟು. ಅದಕ್ಕೆ ಗದ್ದದ ಒಳಗೆ ಅಂಟಿಸುವ ಗುಂಡಿಯಂಥ ಮೈಕು ಸಾಕು. ಹಿರಿಯರದು ಕನ್ನಡಕದ ಸಲುವಾಗಿ ಮುಂಭಾಗ ಮೇಲಕ್ಕೆ ಎತ್ತುವಂಥದ್ದು. ಅದಕ್ಕೆ ಕಡ್ಡಿಯ ಮೈಕು, ತುದಿಗೆ ಸ್ಪಂಜಿನ ಟೊಪ್ಪಿಗೆ ಇರಲೇಬೇಕು, ಇಲ್ಲದಿದ್ದರೆ ಗಾಳಿಯ ಸದ್ದೇ ಕೇಳುತ್ತದೆ. ಮುಖ್ಯ ಪೆಟ್ಟಿಗೆಯನ್ನು ಅಂಟಿಸಬಾರದು, ನಮ್ಮ ಬಿಸಿಲಿಗೆ ಅಂಟು ಬಿಡುತ್ತದೆ. ಚಿಪ್ಪಿಗೂ ಒಳಗಿನ ಮೆತ್ತೆಗೂ ನಡುವೆ ಸಿಗಿಸುವ ಕ್ಲಿಪ್ಪೇ ಬೇಕು. ಗುಂಡಿಗಳು ದಪ್ಪಗಿರಬೇಕು, ಕೈಗವಸು ಹಾಕಿದಾಗಲೂ ಬೆರಳಿಗೆ ಸಿಗುವಂತೆ. ಚಾರ್ಜಿಂಗ್ ತೂತಿಗೆ ರಬ್ಬರಿನ ಮುಚ್ಚಳ ಇರಬೇಕು, ದೂಳಿಗೆ. ಇಷ್ಟನ್ನು ಅವನು ಒಂದೇ ಉಸಿರಿಗೆ ಹೇಳಿದ. ಕೂರಿಸಿಕೊಡಲೇ ಎಂದು ಕೇಳಿದ್ದಕ್ಕೆ ನಾನು ಜಂಬದಿಂದ, ಬೇಡ, ನಾನೇ ಕೂರಿಸಿಕೊಳ್ಳುತ್ತೇನೆ ಎಂದುಬಿಟ್ಟೆ.

ಆ ಸಂಜೆ ಹಿರಿಯರ ಹೆಲ್ಮೆಟ್ಟನ್ನೂ ಮನೆಗೆ ತಂದು, ಎರಡರ ಕೆನ್ನೆಯ ಮೆತ್ತೆಯನ್ನೂ ಬಿಚ್ಚಿ, ವೈರನ್ನು ಒಳಬಟ್ಟೆಯ ಕೆಳಗೆ ಸುತ್ತಿಸಿ, ಕಿವಿಯ ಜಾಗದಲ್ಲಿ ತಯಾರಿಸಿದವರೇ ಬಿಟ್ಟಿದ್ದ ಗುಳಿಯೊಳಗೆ ಸ್ಪೀಕರುಗಳನ್ನು ಅಂಟಿಸಿದೆ. ಎರಡನ್ನೂ ಜೋಡಿ ಮಾಡಿ, ಫೋನನ್ನೂ ನನ್ನದಕ್ಕೆ ಜೋಡಿಸಿದೆ. ಮರುದಿನ ಹಿರಿಯರು ತಲೆಗೆ ಹಾಕಿಕೊಂಡು ಮಗುವಿನ ಹಾಗೆ ಮುಟ್ಟಿ ಮುಟ್ಟಿ ನೋಡಿದರು.

"ಕೇಳತೈತೇನ್ರಿ ಸರ?"

"ಹೂಂ."

ಆಮೇಲೆ ಮೂರು ದಿನ ನನ್ನ ಬಾಯಿಗೆ ಬಿಡುವಿರಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಅವರು ಹೂಂ. ಕೆಲವೊಮ್ಮೆ ಅವರಾಗಿಯೇ ಹೊಲ ತೋರಿಸಿ ಮಾತಾಡುತ್ತಿದ್ದರು. ಎಷ್ಟು ಸ್ಪಷ್ಟ ಅವರ ದನಿ! ಹೆಡ್‌ಸೆಟ್ ಗೆದ್ದಿತು ಎಂದು ಮನೆಯಲ್ಲಿ ಕೊಚ್ಚಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಕುಪ್ಪೇಲೂರಿನಿಂದ ಹೊರಟಿದ್ದೆವು. ಮ್ಯಾನೇಜರ ಫೋನು ಬಂತು, ಹೆಡ್‌ಸೆಟ್ಟಿನ ಗುಂಡಿ ಒತ್ತಿದೆ. ಕುಪ್ಪೇಲೂರಿನ ಹೊಲದ ಗಂಡು ಗಿಡಗಳಿಗೆ ಎಲೆ ಮುದುಡುವ ಮುಟುರು ರೋಗ ಬಂದಿತ್ತು, ಹೂವು ಸಾಲದಾಗಿತ್ತು. ಮರುದಿನಕ್ಕೆ ಬೇಕಾದ ಪರಾಗದ ಪುಡಿಯನ್ನು ಮೋಟೆಬೆನ್ನೂರಿನಿಂದ ಒಯ್ಯಲು ಹೇಳಿದರು. ಮೆಣಸಿನಕಾಯಿಯ ಕ್ರಾಸಿಂಗ್ ಅಂದರೆ ಇಷ್ಟೆ: ಹೆಣ್ಣು ಗಿಡದ ಮೊಗ್ಗನ್ನು ಸಂಜೆ ಚಿಮಟದಿಂದ ಬಿಡಿಸಿ ಒಳಗಿನ ಗಂಡು ಕೇಸರಗಳನ್ನು ಕಿತ್ತು ಬಿಡುವುದು, ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪುಡಿ ಮುಟ್ಟಿಸಿ ಗುರುತಿಗೆ ಬಣ್ಣದ ದಾರ ಕಟ್ಟುವುದು. ಆ ಪುಡಿಗೆ ಹಿಂದಿನ ಸಂಜೆಯೇ ಹೂವು ಕಿತ್ತು ಒಣಹಾಕಬೇಕು. ಮೋಟೆಬೆನ್ನೂರಿನ ರೈತನಿಗೆ ಹಾಗೆಂದು ಹೇಳಿ, ಬೆಳಿಗ್ಗೆ ಪುಡಿ ಡಬ್ಬಿ ತರಬೇಕಾದವರು ವಾಪಸು ದಾರಿಯಲ್ಲಿ ಮೋಟೆಬೆನ್ನೂರಿನಲ್ಲೇ ಇಳಿಯುವ ಹಿರಿಯರು.

ಫೋನಿನಲ್ಲಿ ಮನಸ್ಸಿದ್ದ ನನಗೆ ಮುಂದಿನ ರೋಡ್ ಹಂಪ್ ಕಾಣಲೇ ಇಲ್ಲ. ಬೈಕು ಎಗರಿತು. ಹಿರಿಯರು ಸೀಟಿನಿಂದ ಮೇಲೆ ಹಾರಿ ನನ್ನ ಹೆಗಲು ಹಿಡಿದು ಕೂತರು. ಆದರೂ ಗಾಡಿ ನಿಲ್ಲಿಸಲಿಲ್ಲ ನಾನು. ಓಡಿಸುತ್ತಲೇ ಎಲ್ಲವನ್ನೂ ಹೆಡ್‌ಸೆಟ್ಟಿನಲ್ಲಿ ಅವರಿಗೆ ಒಪ್ಪಿಸಿದೆ.

"ನಾಳಿ ಪುಡಿ ಡಬ್ಬಿ ನೀವ ತರಬೇಕು ಸರ. ರೈತಗ ಈಗ ಹೇಳಿ ಹೋಗ್ರಿ, ಮರೀಬ್ಯಾಡ್ರಿ."

"ಹೂಂ."

ಮರುದಿನ ಮೋಟೆಬೆನ್ನೂರಿನಲ್ಲಿ ಅವರು ಹೆಗಲ ಚೀಲದೊಂದಿಗೆ ಹತ್ತಿದರು. ಡಬ್ಬಿ ಚೀಲದಲ್ಲಿದೆ ಎಂದುಕೊಂಡು ನಾನು ಕೇಳಲೂ ಇಲ್ಲ. ಕುಪ್ಪೇಲೂರಿನ ಪರದೆಯೊಳಗೆ ಹದಿನೆಂಟು ಹೆಣ್ಣುಮಕ್ಕಳು ದಾರದ ತುಂಡುಗಳನ್ನು ಸೆರಗಿಗೆ ಸಿಕ್ಕಿಸಿಕೊಂಡು ಕಾಯುತ್ತಿದ್ದರು. "ಪುಡಿ ಕೊಡ್ರಿ ಸರ" ಎಂದು ಕೈ ಚಾಚಿದೆ. ಹಿರಿಯರು ನನ್ನ ಕೈ ನೋಡಿದರು, ಮುಖ ನೋಡಿದರು.

"ಯಾವ ಪುಡಿ?"

ಹಿಂದಿನ ಸಂಜೆ ಬಿಡಿಸಿದ ಮೊಗ್ಗುಗಳೆಲ್ಲ ಮಧ್ಯಾಹ್ನದ ಬಿಸಿಲಿಗೆ ಬಾಡಿದವು. ಒಂದು ದಿನದ ಕೆಲಸ ಮಣ್ಣುಪಾಲು. ಕೆಲಸದವರಲ್ಲಿ ಹಿರಿಯಳೊಬ್ಬಳು ನನ್ನ ಕಡೆ ನೋಡಿ, "ಹೋಗ್ಲಿ ಬಿಡ್ರಿ, ಇವತ್ತು ಕಳೆ ತಗೀತೇವಿ" ಎಂದು ಉಳಿದವರನ್ನು ಕರೆದುಕೊಂಡು ಹೋದಳು. ಅವರಿಗೆಲ್ಲ ಏನೋ ಗೊತ್ತಿತ್ತು, ನನಗಷ್ಟೇ ಗೊತ್ತಿರಲಿಲ್ಲ ಎಂದು ಆಗ ಅನುಮಾನ ಬಂತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಬದುವಿನ ಬೇವಿನ ಗಿಡದ ಕೆಳಗೆ ಅವರ ಹಿಂದಿನಿಂದ ಹೋಗಿ, "ನಿನ್ನೆ ಹೇಳಿದ್ನಲ್ರಿ, ನೀವು ಹೂಂ ಅಂದ್ರಿ!" ಎಂದು ಗದರಿಸಿದೆ. ಅವರು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ತಿರುಗಲಿಲ್ಲ. ಎದುರಿಗೆ ಬಂದು ನಿಂತಾಗಷ್ಟೇ ಬೆಚ್ಚಿ, "ಹೂಂ" ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅವರ ಪಕ್ಕ ಕೂತು, ಮುಖ ಅವರ ಕಡೆ ಮಾಡಿ, ನಿಧಾನವಾಗಿ ಕೇಳಿದೆ:

"ಸರ, ನಾಕು ದಿನದಾಗ ನಾ ಹೆಡ್‌ಸೆಟ್ಟಿನ್ಯಾಗ ಏನೇನು ಕೇಳಿದೆ, ಒಂದರ ಹೇಳ್ರಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ನನಗ ಕೇಳಸಂಗಿಲ್ಲೋ ತಮ್ಮಾ. ಮೂರು ವರ್ಷ ಆತು. ಬಲಗಿವಿ ಪೂರಾ ಹೋಗೇತಿ, ಎಡಗಿವಿ ಅಷ್ಟಿಷ್ಟು. ಮೊಣಕಾಲಿಗೆ ಏನೂ ಆಗಿಲ್ಲ. ಮೋಟೆಬೆನ್ನೂರ ಹತ್ರ ಹಿಂದಿನ ಲಾರಿ ಹಾರ್ನ್ ಕೇಳಲಿಲ್ಲ, ಮೈಮ್ಯಾಲ ಬರೂದಿತ್ತು. ಅವತ್ತ ಗಾಡಿ ಬಿಟ್ಟೆ. ಕಿವುಡ ಅಂದ್ರ ಮಂದಿ ನಗತಾರ. ಕಿವಿಗೆ ಮಿಷನ್ ಹಾಕ್ಕೊಂಡ್ರ ಗೋಡಾನ್‌ಗೆ ಕಳಿಸ್ತಾರ. ನೀ ಸಣ್ಣಾವ, ಪ್ರೀತಿಲೆ ಕಿವಿಗೆ ಮಿಷನ್ ಹಚ್ಚೀದಿ. ಕೇಳಸಂಗಿಲ್ಲ ಅಂದ್ರ ನಿನಗ ಬ್ಯಾಸರ ಆಕ್ಕೈತಿ ಅಂತ ಹೂಂ ಅಂದೆ."

ನನಗೆ ನಾಚಿಕೆಯಾಯಿತು. ಗಾಡಿ ನಿಲ್ಲಿಸಿ ಮುಖ ನೋಡಿ ಒಂದೇ ಒಂದು ಸಲ ಮಾತಾಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕಿವಿ ಅವರದು ಕೆಟ್ಟಿದ್ದರೂ ಆ ದಿನ ಮೊಗ್ಗು ಬಾಡಿದ್ದು ನನ್ನ ಅವಸರಕ್ಕೆ. ಅಲ್ಲೇ ಕೂತು ನನ್ನ ಹೆಡ್‌ಸೆಟ್ಟಿನಿಂದ ಫೋನಿನ ಜೋಡಣೆ ಅಳಿಸಿಹಾಕಿದೆ. ಇನ್ನು ಮೇಲೆ ಫೋನು ಚೀಲದಲ್ಲಿ. ಯಾರ ಕರೆಯಾದರೂ ಗಾಡಿ ಬದಿಗೆ ನಿಲ್ಲಿಸಿದ ಮೇಲೆ. ಹೆಲ್ಮೆಟ್ಟಿನೊಳಗೆ ನಾವಿಬ್ಬರೇ. ಹೂಂ ಎನ್ನುವುದಕ್ಕೆ ನಿಷೇಧ. ನಾನು ಹೇಳಿದ್ದನ್ನು ಅವರು ತಿರುಗಿ ಹೇಳಬೇಕು, ಅವರು ಹೇಳಿದ್ದನ್ನು ನಾನು.

ಆದರೆ ಮೊದಲು ಕೇಳಬೇಕಲ್ಲ. ರವಿವಾರ ಬ್ಯಾಡಗಿಯ ಅವರ ಮನೆಗೆ ಹೋಗಿ, ದಿನಾ ಹಾಕುವ ಹಾಗೆಯೇ ಹೆಲ್ಮೆಟ್ ಹಾಕಿ ತೋರಿಸಿ ಎಂದೆ. ಅವರು ಮೊದಲು ಟವೆಲ್ಲನ್ನು ಎರಡು ಸುತ್ತು ಕಿವಿ ಮುಚ್ಚುವಂತೆ ಬಿಗಿದು, ಅದರ ಮೇಲೆ ಹೆಲ್ಮೆಟ್ ಏರಿಸಿದರು. ನಾನು ತಲೆ ಮೇಲೆ ಕೈಹೊತ್ತು ಕೂತೆ. ನಮ್ಮ ಕಡೆ ಅರ್ಧ ಮಂದಿ ದೂಳಿಗೂ ಚಳಿಗೂ ಹಾಗೆಯೇ ಮಾಡುವುದು. ದಿನಾ ಕಂಡದ್ದೇ ಆದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಟವೆಲ್ ತೆಗೆಸಿದ ಮೇಲೂ ದನಿ ದೂರದಿಂದ ಬಂದಂತೆ ಎಂದರು. ಗುಳಿ ಇರುವುದು ಎಲ್ಲರ ಕಿವಿಗೆ. ಇವರ ಕಿವಿ ಎಲ್ಲಿ ಬರುತ್ತದೋ ಒಳಗಿನ ಕತ್ತಲಲ್ಲಿ ಹೇಗೆ ತಿಳಿಯಬೇಕು? ನಾವು ಒದ್ದಾಡುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರ ಹೆಂಡತಿ ದೇವರ ಮಾಡದಿಂದ ವಿಭೂತಿ ಗಟ್ಟಿ ತಂದರು. ಒಂದು ಹನಿ ನೀರು ಹಾಕಿ ತಿಕ್ಕಿ, ಗಂಡನ ಎಡಗಿವಿಯ ತೂತಿನ ಸುತ್ತ ಬೆರಳಿನಿಂದ ಬಳಿದರು.

"ಈಗ ಹಾಕಿ ತಗೀರಿ" ಎಂದು ನನಗೆ ಹೇಳಿದರು.

ಹೆಲ್ಮೆಟ್ ಏರಿಸಿ, ನೇರ ಮಾಡಿ, ತೆಗೆದು ಒಳಗೆ ನೋಡಿದೆ. ಕಪ್ಪು ಮೆತ್ತೆಯ ಮೇಲೆ ಬೆಳ್ಳಗೆ ಕಿವಿಯ ಗುರುತು. ನಾನು ಸ್ಪೀಕರು ಅಂಟಿಸಿದ್ದ ಜಾಗಕ್ಕಿಂತ ಹೆಬ್ಬೆರಳಿನಷ್ಟು ಕೆಳಗೆ, ಅಷ್ಟೇ ಹಿಂದಕ್ಕೆ ಇತ್ತು ಅದು. "ಅಕ್ಕಾರ, ನಿಮ್ಮ ಕಾಲಿಗೆ ಬೀಳಬೇಕ್ರಿ" ಎಂದರೆ ನಕ್ಕು ಒಳಗೆ ಹೋದರು.

ಸ್ಪೀಕರನ್ನು ಗುರುತಿನ ಮೇಲೆ ಸರಿಸಿದೆ. ಕಿವಿಗೆ ಬರೀ ತಾಗುವಷ್ಟು ಹತ್ತಿರ ಬರಲೆಂದು ಹಿಂದೆ ಸ್ಪಂಜಿನ ತುಂಡು ಮಡಿಚಿ ಇಟ್ಟೆ. ಮೊದಲು ದಪ್ಪವಾಗಿ ಕಿವಿ ನೋಯಿತು. ಒಂದು ಪದರ ಕಿತ್ತೆ. ಕನ್ನಡಕದ ಕಡ್ಡಿ ಅಡ್ಡ ಬಂದಲ್ಲಿ ಮೆತ್ತೆಯನ್ನು ಬೆರಳಿನಿಂದ ಅಮುಕಿ ದಾರಿ ಮಾಡಿದೆ. ಆಮೇಲೆ ಪರೀಕ್ಷೆ. ನನ್ನ ಮುಖ ಕಾಣದಂತೆ ಓಣಿಯ ತಿರುವಿನಾಚೆ ಹೋಗಿ ಹೊಲದ ವಹಿಯಿಂದ ಓದಿದೆ.

"ಆರನೇ ಸಾಲು, ಕೆಂಪು ದಾರ."

ನನ್ನ ಕಿವಿಯೊಳಗೆ ಅವರ ದನಿ ಬಂತು:

"ಆರನೇ ಸಾಲು. ಕೆಂಪು ದಾರ."

ಓಣಿಯಲ್ಲಿ ಒಬ್ಬನೇ ಕುಣಿದೆ. ಹೆಲ್ಮೆಟ್ ಹಾಕಿಕೊಂಡು ಕುಣಿಯುವವನನ್ನು ನೋಡಿ ಒಂದು ಎಮ್ಮೆ ನಿಂತುಬಿಟ್ಟಿತು. ಆಮೇಲೆ ಎಂಜಿನ್ ಹಾಕಿ ನೋಡಿದೆವು, ಕೇಳಿತು. ಮೋಟೆಬೆನ್ನೂರಿನ ದಾರಿಯಲ್ಲಿ ಮೂವತ್ತರಲ್ಲಿ ಕೇಳಿತು, ನಲವತ್ತರಲ್ಲೂ ಕೇಳಿತು. ಐವತ್ತು ದಾಟಿದರೆ ಗಾಳಿ ಗೆಲ್ಲುತ್ತಿತ್ತು. ಹಾಗಾಗಿ ನಲವತ್ತೇ ನಮ್ಮ ವೇಗವೆಂದು ತೀರ್ಮಾನಿಸಿದೆವು.

ಹದಿನೈದನೆಯ ದಿನ ಮ್ಯಾನೇಜರಿಗೆ ಉತ್ತರ ಕೊಡಬೇಕಿತ್ತು. ಮುಚ್ಚಿಡಬಹುದಿತ್ತು. ಆದರೆ ಮುಚ್ಚಿಟ್ಟ ಕಿವುಡುತನ ಎಲ್ಲಿಗೆ ತಂದು ನಿಲ್ಲಿಸುತ್ತದೆಂದು ಕಣ್ಣಾರೆ ಕಂಡಿದ್ದೆ. ಹಿರಿಯರನ್ನೇ ಕೇಳಿದೆ.

"ನೀನ ಹೇಳು" ಎಂದರು. "ನಾ ಹೇಳಾಕ ಹೋದ್ರ ಅಳು ಬರತೈತಿ."

ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡಿದೆ. ಬಾಡಿದ ಮೊಗ್ಗಿನ ಕತೆ, ಅದರಲ್ಲಿ ನನ್ನ ಪಾಲು, ಎಲ್ಲವನ್ನೂ ಹೇಳಿದೆ. "ಅವರಿಗೆ ಕಿವಿ ಕೇಳಸಂಗಿಲ್ರಿ ಸರ. ಆದ್ರ ಅವರಿಲ್ಲಂದ್ರ ಈ ಹೊಲ ನನ್ನ ಕಡಿಂದ ಆಗಂಗಿಲ್ಲ." "ನಾಳಿ ಬರತೇನಿ" ಎಂದು ಮ್ಯಾನೇಜರು ಫೋನು ಇಟ್ಟುಬಿಟ್ಟರು.

ಮರುದಿನ ಕುಪ್ಪೇಲೂರಿನಲ್ಲಿ ಹಿರಿಯರು ಹೆಲ್ಮೆಟ್ ತೆಗೆಯದೆಯೇ ಪರದೆಯೊಳಗೆ ಹೋದರು. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಗಿಡ ಹಾರಿ ಬಂದು ತಲಿಗೆ ಬಡಿತಾವೇನ್ರಿ ಸಾಹೇಬ್ರ?" ಎಂದಳು ಒಬ್ಬಳು. ನಾನು ಹೆಲ್ಮೆಟ್ ಹಾಕಿಕೊಂಡು ಮ್ಯಾನೇಜರ ಪಕ್ಕ ಬದುವಿನ ಮೇಲೆ ನಿಂತೆ. ಅವರು ಕೇಳಿದ್ದನ್ನು ಹೆಡ್‌ಸೆಟ್ಟಿನಲ್ಲಿ ದಾಟಿಸಿದೆ, ಬಂದ ಉತ್ತರವನ್ನು ಅವರಿಗೆ ಹೇಳಿದೆ. ಇವತ್ತು ಎಷ್ಟನೇ ಸಾಲು? ದಾರ ಯಾವಾಗ ಬದಲಿಸೋದು? ಒಂದಕ್ಕೂ ತಡವಿಲ್ಲ. ನಡುವೆ ಹಿರಿಯರು ತಾವಾಗಿಯೇ ನಿಂತರು.

"ಒಂಬತ್ತನೇ ಸಾಲಿನ್ಯಾಗ ಮೂರು ಗಿಡ ಬ್ಯಾರೆ ಅದಾವ. ಎಲಿ ತುದಿ ನೋಡ್ರಿ. ದಾರ ಕಟ್ಟಿದ್ರೂ ಬೀಜ ಹಿಡಿಯೂದು ಬ್ಯಾಡ, ಕೀಳಸ್ತೇನಿ."

ಮ್ಯಾನೇಜರು ಒಳಗೆ ಹೋಗಿ ಬಗ್ಗಿ ನೋಡಿದರು. ನಾನೂ ನೋಡಿದೆ, ಮೂರೂ ಬೆರಕೆಯೇ. ಆ ಸಾಲನ್ನು ವಾರದಲ್ಲಿ ಎರಡು ಸಲ ನಾನೇ ತಪಾಸಣೆ ಮಾಡಿ ಸಹಿ ಹಾಕಿದ್ದೆ. ಮ್ಯಾನೇಜರು ಎದ್ದು ಹಿರಿಯರ ಎದುರಿಗೆ ನಿಂತು, ಮುಖ ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದರು:

"ಹಂಗಾಮು ಮುಗಿಯೂತನ ಹೊಲ ನಿಮ್ದ. ಆದ್ರ ಮುಂದಿನ ವಾರ ಹಾವೇರಿಗೆ ಬರ್ರಿ, ಕಿವಿ ಡಾಕ್ಟರಿಗೆ ತೋರಸೂಣು. ನಾನೂ ಬರತೇನಿ."

"ಮುಂದಿನ ವಾರ ಹಾವೇರಿ" ಎಂದು ಹಿರಿಯರು ತಿರುಗಿ ಹೇಳಿದರು. ಹೇಳಿ ಆಮೇಲೆ ಕಣ್ಣು ಒರೆಸಿಕೊಂಡರು.

ಅವತ್ತು ಅವರನ್ನು ಮೋಟೆಬೆನ್ನೂರಿನಲ್ಲಿ ಇಳಿಸಲು ಮನಸ್ಸಾಗದೆ ಬ್ಯಾಡಗಿಯ ಮನೆಯವರೆಗೂ ಹೋದೆ. ಇನ್ನೂ ಬಿಸಿಲಿತ್ತು. ಹಿರಿಯರು ಹೆಲ್ಮೆಟ್ಟಿನಲ್ಲೇ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚತೊಡಗಿದರು. ನಾನು ಒಳಗೆ ಹೋಗಿ ಅಕ್ಕಾರಿಗೆ ಸುದ್ದಿ ಹೇಳಿದೆ. ಅವರು ಚಹದ ಪಾತ್ರೆ ಇಳಿಸಿ ನನ್ನನ್ನೇ ನೋಡಿದರು.

"ಕೇಳಸಂಗಿಲ್ಲ ಅಂತ ನನಗ ಗೊತ್ತಿತ್ತು ತಮ್ಮಾ. ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ಅವರಿಗೆ ಮುಟ್ಟಬೇಕಂದ್ರ ಚೀರಿ ಹೇಳಬೇಕು. ಚೀರಿದ್ರ ಓಣಿ ಮಂದಿ ಗಂಡ ಹೆಂಡತಿ ಜಗಳಾ ಮಾಡಾಕತ್ತಾರ ಅಂತಾರ. ಅದಕ್ಕ ಊಟ, ನೀರು, ಇಷ್ಟ ಹೇಳತೇನಿ. ಉಳಿದಿದ್ದು ಹೊಟ್ಟ್ಯಾಗ ಇಟ್ಕೊಂಡೇನಿ."

ನಾನು ನನ್ನ ಹೆಲ್ಮೆಟ್ ತೆಗೆದು ಅವರ ಕೈಗೆ ಕೊಟ್ಟೆ.

"ನಾನೇನು ಬೈಕ್ ಹೊಡಿಯಾಕಿ?" ಎಂದು ನಾಚಿದರು. ತುರುಬು ಅಡ್ಡ ಬಂತು. ಗೋಡೆಯ ಕಡೆ ತಿರುಗಿ ಅದನ್ನು ಬಿಚ್ಚಿ ಹೆರಳು ಇಳಿಬಿಟ್ಟು, ಎರಡೂ ಕೈಯಿಂದ ಹೆಲ್ಮೆಟ್ ಏರಿಸಿಕೊಂಡರು. ಅಡುಗೆಮನೆಯಲ್ಲೇ ನಿಂತು, ಮಗು ಮಲಗಿರುವ ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಅಂದರು:

"ಏನ್ರಿ... ಕೇಳತೈತೇನು?"

ಹೊರಗೆ ಕಟ್ಟೆಯ ಮೇಲೆ ಹಿರಿಯರ ಕೈಯಲ್ಲಿದ್ದ ಬೂಟು ಹಾಗೆಯೇ ನಿಂತಿತು. ಅವರು ಅತ್ತ ಇತ್ತ ನೋಡಿದರು. ಬಾಗಿಲಿಗೆ ಬಂದಿದ್ದ ನನ್ನ ಕಡೆ ನೋಡಿದರು, ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ.

"ನೀನ ಏನ?" ಎಂದರು. "ಕೇಳತೈತಿ. ಹೇಳು."

ಅಕ್ಕಾರು ಮೊದಲು ಅತ್ತರು. ಆಮೇಲೆ ಮಾತು ಶುರುಮಾಡಿದರು. ಹೋದ ವರ್ಷ ಹಿರಿಯರ ತಮ್ಮ ಬಂದಾಗ ನಿಜವಾಗಿ ಏನಂದ ಎಂಬುದು ಮೊದಲು ಬಂತು. ಅಷ್ಟು ನನ್ನ ಕಿವಿಗೆ ಬಿತ್ತು. ಉಳಿದದ್ದು ನಾನು ಕೇಳಬಾರದ್ದು ಎಂದು ಅಂಗಳಕ್ಕೆ ಬಂದೆ. ಹಿರಿಯರು ಒಮ್ಮೆ "ಅಯ್ಯ, ಹಂಗಂದನೇನು?" ಎಂದು ನಕ್ಕರು. ಇನ್ನೊಮ್ಮೆ ಬಹಳ ಹೊತ್ತು ಸುಮ್ಮನೆ ಕೂತು ಕೇಳಿದರು.

ಎದುರು ಮನೆಯವರು ಹೊರಗೆ ಬಂದು ನೋಡಿದರು, ಹೆಲ್ಮೆಟ್ ಹಾಕಿಕೊಂಡು ಕಟ್ಟೆಯ ಮೇಲೆ ಒಬ್ಬರೇ ನಗುವ ಮನುಷ್ಯನನ್ನು. ಚಹ ಒಳಗೆ ಆರುತ್ತಿತ್ತು, ಯಾರಿಗೂ ನೆನಪಿರಲಿಲ್ಲ. ಅರ್ಧ ತಾಸು ಕಾದೆ. ಹೆಲ್ಮೆಟ್ ಇಲ್ಲದೆ ಗಾಡಿ ಹತ್ತುವಂತಿರಲಿಲ್ಲ. ಹೋಗಿ ಕೊಡ್ರಿ ಎಂದು ಕೇಳಲು ಬಾಯಿ ಬರಲಿಲ್ಲ. ಬೈಕನ್ನು ಅವರ ಅಂಗಳದಲ್ಲೇ ಬಿಟ್ಟು, ರಾಣೆಬೆನ್ನೂರಿನ ಬಸ್ಸು ಹಿಡಿಯಲು ಸ್ಟ್ಯಾಂಡಿನ ಕಡೆ ನಡೆದೆ.